ನ್ಯೂರೋಎಂಡೋಕ್ರೈನ್ ಗಡ್ಡೆಗಳ ಸ್ಕ್ಯಾನ್: ಬರುವ ತಿಂಗಳಿಂದ ಆಗುವ ಬದಲಾವಣೆ

ಬೆಳಗಾವಿ

ನಮ್ಮಲ್ಲಿಗೆ ರೋಗಿಗಳನ್ನು ಕಳುಹಿಸುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವೈದ್ಯರಿಗೆ, ಸ್ಕ್ಯಾನಿಗೆ ಹೆಸರು ಬರೆಸಿರುವವರಿಗೆ ಮತ್ತು ಅವರ ಮನೆಯವರಿಗೆ,

ನಮಸ್ಕಾರ.

ಬರುವ ತಿಂಗಳ ಮೊದಲ ಮಂಗಳವಾರದಿಂದ ನ್ಯೂರೋಎಂಡೋಕ್ರೈನ್ ಗಡ್ಡೆಗಳ (ಹಾರ್ಮೋನು ಸ್ರವಿಸುವ ಬಗೆಯ ಜೀವಕೋಶಗಳಲ್ಲಿ ಹುಟ್ಟುವ ಗಡ್ಡೆಗಳ) ರಿಸೆಪ್ಟರ್ ಸ್ಕ್ಯಾನನ್ನು ನಮ್ಮ ಕೇಂದ್ರದಲ್ಲಿ ಗಾಮಾ ಕ್ಯಾಮೆರಾದ ಮೇಲೆ ಮಾಡುವುದಿಲ್ಲ. ಅದರ ಜಾಗದಲ್ಲಿ ಗ್ಯಾಲಿಯಂ-68 ಡೋಟಾಟೇಟ್ ಎಂಬ ವಿಕಿರಣ ಸೂಸುವ ಔಷಧಿಯ ಪೆಟ್-ಸಿಟಿ ಸ್ಕ್ಯಾನ್ ಶುರುವಾಗುತ್ತದೆ. ಥೈರಾಯ್ಡ್, ಮೂಳೆ, ಮೂತ್ರಪಿಂಡದ ಟೆಕ್ನೀಷಿಯಂ ಸ್ಕ್ಯಾನುಗಳು ಎಂದಿನಂತೆ ನಡೆಯುತ್ತವೆ. ಬದಲಾಗುವುದು ಇದೊಂದೇ ಆದರೂ ಇದರ ಜೊತೆಗೆ ಬರುವ ದಿನ, ವೇಳೆ, ಚೀಟಿಯಲ್ಲಿ ಬರೆಯಬೇಕಾದ ವಿವರ, ಹಳೆಯ ವರದಿಯ ಪಕ್ಕದಲ್ಲಿ ಹೊಸದನ್ನು ಓದುವ ರೀತಿ ಎಲ್ಲವೂ ಬದಲಾಗುತ್ತವೆ. ಇಡೀ ಪತ್ರ ಓದಲು ಪುರುಸೊತ್ತಿಲ್ಲದವರು ಇಷ್ಟನ್ನು ಮಾತ್ರ ನೆನಪಿಡಿ: ಕೊಟ್ಟ ವೇಳೆಗೆ ಸರಿಯಾಗಿ ಬರಬೇಕು. ಈ ಔಷಧಿಯನ್ನು ತೆಗೆದಿಟ್ಟು ಕಾಯಲು ಬರುವುದಿಲ್ಲ.

ಈ ಬಗೆಯ ಗಡ್ಡೆಗಳ ಜೀವಕೋಶಗಳ ಮೇಲ್ಮೈಯಲ್ಲಿ ಸೊಮಾಟೊಸ್ಟ್ಯಾಟಿನ್ ಎಂಬ ಹಾರ್ಮೋನು ಬಂದು ಕೂರುವ ರಿಸೆಪ್ಟರುಗಳು, ಅದರಲ್ಲೂ ಎರಡನೇ ಬಗೆಯವು, ದಟ್ಟವಾಗಿರುತ್ತವೆ. ದೇಹದ ಸ್ವಂತ ಸೊಮಾಟೊಸ್ಟ್ಯಾಟಿನ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಸುಲಭಕ್ಕೆ ಒಡೆಯದ, ಅದನ್ನೇ ಹೋಲುವ ಎಂಟು ಅಮೈನೋ ಆಮ್ಲಗಳ ಸಣ್ಣ ಸರಪಳಿಯನ್ನು, ಅಂದರೆ ಪೆಪ್ಟೈಡನ್ನು ಬಳಸುತ್ತಾರೆ. ಅದರ ಒಂದು ತುದಿಗೆ ಡೋಟಾ ಎಂಬ ಉಂಗುರದಂಥ ರಚನೆ ಜೋಡಿಸಿರುತ್ತದೆ. ವಿಕಿರಣ ಸೂಸುವ ಲೋಹ ಅದರೊಳಗೆ ಕೂರುತ್ತದೆ. ಪೆಪ್ಟೈಡು ರಿಸೆಪ್ಟರಿಗೆ ಅಂಟಿ ಜೀವಕೋಶದ ಒಳಕ್ಕೆ ಸೇರಿದರೆ ಗಡ್ಡೆ ಎಲ್ಲಿದೆಯೋ ಅಲ್ಲಿ ಬೆಳಗುತ್ತದೆ. 1989ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ತಂಡ ಅಯೋಡಿನ್-123 ಬಳಸಿ ಇದನ್ನು ರೋಗಿಗಳಲ್ಲಿ ಮೊದಲು ತೋರಿಸಿತು. ಆಮೇಲೆ ಇಂಡಿಯಂ-111 ಬಂತು, ಟೆಕ್ನೀಷಿಯಂ ಬಂತು, ಈಗ ಗ್ಯಾಲಿಯಂ. ಹಿಡಿಯುವ ತುದಿ ಹೆಚ್ಚುಕಡಿಮೆ ಅದೇ, ಬೆಳಗುವ ತುದಿ ಬದಲಾಗುತ್ತ ಬಂದಿದೆ.

ಇಲ್ಲಿಯವರೆಗೆ ನಾವು ಕೊಡುತ್ತಿದ್ದದ್ದು ಟೆಕ್ನೀಷಿಯಂ ಹೈನಿಕ್-ಟಾಕ್, ಅಂದರೆ ಟೆಕ್ನೀಷಿಯಂ ಕೂಡಿಸಿದ ಇಂಥದೇ ಪೆಪ್ಟೈಡು. ಅದರ ಅರ್ಧಾಯು (ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) 6 ತಾಸು, ಹಾಗಾಗಿ ರೋಗಿ ಒಂದು ತಾಸು ತಡವಾದರೂ ನಡೆಯುತ್ತಿತ್ತು. ಆದರೆ ಚುಚ್ಚುಮದ್ದಿನ ನಂತರ ಒಂದೆರಡು ತಾಸಾದ ಮೇಲೆ ಒಮ್ಮೆ, ನಾಲ್ಕು ತಾಸಾದ ಮೇಲೆ ಇನ್ನೊಮ್ಮೆ, ಕರುಳಿನ ನೆರಳು ಗೊಂದಲ ಮಾಡಿದರೆ ಮರುದಿನ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತಿತ್ತು. ಇಂಡಿಯಿಂದಲೋ ಸಿಂದಗಿಯಿಂದಲೋ ಬಂದವರು ರಾತ್ರಿ ಬೆಳಗಾವಿಯಲ್ಲಿ ಉಳಿಯಲೇಬೇಕಿತ್ತು. ಅದಕ್ಕಿಂತ ದೊಡ್ಡ ಕೊರತೆ ಚಿತ್ರದ್ದು. ಗಾಮಾ ಕ್ಯಾಮೆರಾದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕ ಲಿಂಫ್ ಗಂಟು, ಯಕೃತ್ತಿನ ಸಣ್ಣ ಚುಕ್ಕೆ ಸುಲಭವಾಗಿ ತಪ್ಪಿಹೋಗುತ್ತವೆ. ಪೆಟ್‌ನಲ್ಲಿ ರಿಸೆಪ್ಟರ್ ಚೆನ್ನಾಗಿರುವ ಐದಾರು ಮಿಲಿಮೀಟರಿನ ಗಂಟೂ ಎದ್ದು ಕಾಣುತ್ತದೆ. ಚುಚ್ಚುಮದ್ದು ಕೊಟ್ಟು ಒಂದು ತಾಸಿಗೆ ಚಿತ್ರ, ಅಲ್ಲಿಗೆ ಕೆಲಸ ಮುಗಿಯಿತು.

ಇನ್ನು ವೇಳೆಯ ವಿಷಯ. ಗ್ಯಾಲಿಯಂ-68ರ ಅರ್ಧಾಯು ಸುಮಾರು 68 ನಿಮಿಷ. ಎಫ್‌ಡಿಜಿಯನ್ನು (ಸಾಮಾನ್ಯ ಪೆಟ್ ಸ್ಕ್ಯಾನಿಗೆ ಬಳಸುವ ಸಕ್ಕರೆಯಂಥ ಔಷಧಿ) ದೂರದ ಸೈಕ್ಲೋಟ್ರಾನಿನಿಂದ, ಅಂದರೆ ವಿಕಿರಣ ವಸ್ತು ತಯಾರಿಸುವ ಯಂತ್ರವಿರುವಲ್ಲಿಂದ, ವಾಹನದಲ್ಲಿ ತರಿಸುವಂತೆ ಇದನ್ನು ತರಿಸಲು ಆಗುವುದಿಲ್ಲ. ಇಲ್ಲಿಯೇ ಜನರೇಟರಿನಿಂದ ತೆಗೆಯಬೇಕು. ಜನರೇಟರ್ ಎಂದರೆ ಸೀಸದ ಕವಚದೊಳಗಿನ ಒಂದು ಸಣ್ಣ ಕಾಲಂ. ಅದರಲ್ಲಿನ ಟೈಟಾನಿಯಂ ಡೈಆಕ್ಸೈಡಿಗೆ ಜರ್ಮೇನಿಯಂ-68 ಅಂಟಿಕೊಂಡಿರುತ್ತದೆ. ಜರ್ಮೇನಿಯಂನ ಅರ್ಧಾಯು 271 ದಿನ. ಅದು ಕ್ಷಯಿಸುತ್ತ ಗ್ಯಾಲಿಯಂ ಹುಟ್ಟುತ್ತಲೇ ಇರುತ್ತದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಯಿಸಿದರೆ ಗ್ಯಾಲಿಯಂ ಇಳಿದು ಬರುತ್ತದೆ, ಜರ್ಮೇನಿಯಂ ಕಾಲಂನಲ್ಲೇ ಉಳಿಯುತ್ತದೆ. ಬೇಸಿಗೆಯ ಬಾವಿಯಂತೆ, ಒಮ್ಮೆ ಸೇದಿದ ಮೇಲೆ ಮತ್ತೆ ಊರಲು ಹೊತ್ತು ಬೇಕು: 68 ನಿಮಿಷಕ್ಕೆ ಅರ್ಧ, 4 ತಾಸಿಗೆ ಶೇ. 91ರಷ್ಟು. ಮಂಗಳವಾರದ ನಮ್ಮ ವೇಳಾಪಟ್ಟಿ ಈ ಲೆಕ್ಕದ ಮೇಲೆಯೇ ನಿಂತಿದೆ. ಮುಂಜಾನೆ 9:10ಕ್ಕೆ ಒಮ್ಮೆ, ಮಧ್ಯಾಹ್ನ 1:10ಕ್ಕೆ ಇನ್ನೊಮ್ಮೆ ಸೇದುತ್ತೇವೆ. ಚುಚ್ಚುಮದ್ದಿನ ವೇಳೆ ಮುಂಜಾನೆ 10, 10:30, 11. ಮಧ್ಯಾಹ್ನ 2, 2:30, 3. ದಿನಕ್ಕೆ ಆರು ಜನ, ಅದಕ್ಕಿಂತ ಹೆಚ್ಚಿಲ್ಲ.

ತಡವಾದರೆ ಏನಾಗುತ್ತದೆ ಎಂಬುದನ್ನು ಅಂಕಿಯಲ್ಲೇ ಹೇಳುತ್ತೇವೆ. 50 ಮಿಲಿಕ್ಯೂರಿಯ (ಮಿಲಿಕ್ಯೂರಿ ವಿಕಿರಣ ವಸ್ತುವಿನ ಬಲದ ಅಳತೆ) ಹೊಸ ಜನರೇಟರಿನಲ್ಲಿ, ಸೇದುವಾಗ, ಪೆಪ್ಟೈಡಿಗೆ ಕೂಡಿಸುವಾಗ, ಪರೀಕ್ಷೆ ಮಾಡುವಾಗ ಕಳೆದುಹೋಗುವುದನ್ನು ಬಿಟ್ಟು 10 ಗಂಟೆಗೆ ಕೈಗೆ ಸುಮಾರು 18 ಮಿಲಿಕ್ಯೂರಿ ಸಿಗುತ್ತದೆ ಎಂದುಕೊಳ್ಳಿ. ಎಪ್ಪತ್ತು ಕೆಜಿ ಆಸುಪಾಸಿನ ಒಬ್ಬರಿಗೆ 4 ಬೇಕು. ಮೊದಲಿನವರಿಗೆ ಕೊಟ್ಟರೆ 14 ಉಳಿಯಿತು. ಅರ್ಧ ತಾಸಿನಲ್ಲಿ ಅದು 10.3ಕ್ಕೆ ಇಳಿಯುತ್ತದೆ. ಎರಡನೆಯವರಿಗೆ 4 ಕೊಟ್ಟರೆ 6.3, ಇನ್ನರ್ಧ ತಾಸಿಗೆ 4.6. ಮೂರನೆಯವರಿಗೆ ಸರಿಹೋಯಿತು. ಈಗ ಮೊದಲಿನವರು ಅರ್ಧ ತಾಸು ತಡವಾಗಿ, ಎಲ್ಲರೂ ಹಿಂದೆ ಸರಿದರು ಅನ್ನಿ. 18 ಇದ್ದದ್ದು 13.2 ಆಗಿರುತ್ತದೆ, ಮೂರನೆಯವರ ಸರದಿ ಬರುವಷ್ಟರಲ್ಲಿ ಸೀಸೆಯಲ್ಲಿ ಸುಮಾರು 2 ಮಾತ್ರ. ಅವರು ಎಷ್ಟೇ ಬೇಗ ಬಂದು ಕೂತಿದ್ದರೂ ಅರ್ಧ ಡೋಸು. ಯಾರದೋ ತಡಕ್ಕೆ ಇನ್ನಾರದೋ ಚಿತ್ರ ಕೆಡಬಾರದು. ಆದ್ದರಿಂದ ತಡವಾದವರಿಗಾಗಿ ಸರದಿ ನಿಲ್ಲಿಸುವುದಿಲ್ಲ. ಅವರಿಗೆ ಮಧ್ಯಾಹ್ನ ಜಾಗವಿದ್ದರೆ ಮಧ್ಯಾಹ್ನ, ಇಲ್ಲದಿದ್ದರೆ ಮುಂದಿನ ಮಂಗಳವಾರ.

ದೂರದವರಿಗೆ ಇದು ಹೊರೆಯಾಗಬಾರದೆಂದು ವಿಜಯಪುರ, ಇಂಡಿ, ಸಿಂದಗಿ, ಬಾಗಲಕೋಟೆ, ಬಾದಾಮಿ, ಇಳಕಲ್ಲಿನ ಕಡೆಯವರಿಗೆ ಮಧ್ಯಾಹ್ನದ ಮೂರು ವೇಳೆ ಮೀಸಲು. ನಗರದವರು, ಬೈಲಹೊಂಗಲ, ಗೋಕಾಕ, ಹುಕ್ಕೇರಿ, ನಿಪ್ಪಾಣಿಯವರು ಮುಂಜಾನೆ ಬರಲಿ. ಚುಚ್ಚುಮದ್ದಿಗೆ ಒಂದು ತಾಸು ಮೊದಲು ಕೌಂಟರಿನಲ್ಲಿರಬೇಕು. ತೂಕ ನೋಡುವುದು, ಕೈಗೆ ಕ್ಯಾನುಲಾ ಹಾಕುವುದು, ಹಳೆಯ ಕಾಗದ ಓದುವುದು ಆ ತಾಸಿನಲ್ಲಿ ಮುಗಿಯುತ್ತದೆ.

ಜನರೇಟರಿಗೆ ವಯಸ್ಸಾಗುತ್ತದೆ ಎಂಬುದನ್ನೂ ಈಗಲೇ ತಿಳಿಸಿಡುತ್ತೇವೆ. ಒಂಬತ್ತು ತಿಂಗಳಿಗೆ ಅದರ ಬಲ ಅರ್ಧಕ್ಕೆ ಇಳಿದಿರುತ್ತದೆ, ಆಗ ಒಂದು ಸಲ ಸೇದಿದರೆ ಇಬ್ಬರಿಗೆ ಮಾತ್ರ ಸಾಕಾಗುತ್ತದೆ. ಆ ತಿಂಗಳುಗಳಲ್ಲಿ ಕಾಯುವ ಪಟ್ಟಿ ಉದ್ದವಾಗುವುದು ಖಂಡಿತ. ಚಿಕಿತ್ಸೆಯ ನಿರ್ಧಾರ ಸ್ಕ್ಯಾನಿಗಾಗಿ ನಿಂತಿದ್ದರೆ ಚೀಟಿಯ ಮೇಲೆ ‘ತುರ್ತು’ ಎಂದು ಬರೆದು ಕಾರಣವನ್ನೂ ಬರೆಯಿರಿ, ಅಂಥವರಿಗೆ ಮೊದಲ ಜಾಗ.

ಕೆಲವೊಮ್ಮೆ ಔಷಧಿ ತಯಾರಾಗುವುದೇ ಇಲ್ಲ. ರೋಗಿ ಕ್ಯಾನುಲಾ ಹಾಕಿಸಿಕೊಂಡು ಕೂತಿರುವಾಗ ‘ಇವತ್ತು ಆಗುವುದಿಲ್ಲ’ ಎಂದು ಕೇಳುವುದು ಕಷ್ಟ, ಅದಕ್ಕೇ ಕಾರಣ ಮೊದಲೇ ಹೇಳುತ್ತೇವೆ. ಇಳಿಸಿದ ಗ್ಯಾಲಿಯಂಗೆ ಅಸಿಟೇಟ್ ಬಫರ್ ಸೇರಿಸಿ, ಪಿಎಚ್ 3.5ರಿಂದ 4.5ರ ನಡುವೆ ಹಿಡಿದು, ಪೆಪ್ಟೈಡಿನೊಂದಿಗೆ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಹತ್ತು ನಿಮಿಷ ಕಾಯಿಸಬೇಕು. ಪಿಎಚ್ ಮೇಲೇರಿದರೆ ಗ್ಯಾಲಿಯಂ ಹೈಡ್ರಾಕ್ಸೈಡಿನ ಕಲಾಯ್ಡ್ (ದ್ರವದಲ್ಲಿ ತೇಲುವ ಅತಿ ಸಣ್ಣ ಕಣಗಳು) ಆಗುತ್ತದೆ. ಅದು ದೇಹಕ್ಕೆ ಹೋದರೆ ಗಡ್ಡೆಯನ್ನು ಬಿಟ್ಟು ಯಕೃತ್ತು, ಗುಲ್ಮದಲ್ಲಿ ಕೂರುತ್ತದೆ. ತೀರಾ ಇಳಿದರೆ ಡೋಟಾ ಲೋಹವನ್ನು ಹಿಡಿಯುವುದೇ ಇಲ್ಲ. ಕಬ್ಬಿಣದ ಅಂಶ ಬೆರೆತರೂ ಕೆಟ್ಟಿತು. ಸಾಮಾನ್ಯ ಉಕ್ಕಿನ ಸೂಜಿಗೆ ಆಮ್ಲ ತಾಗಿದರೆ ಸಾಕು, ಡೋಟಾದೊಳಗಿನ ಜಾಗವನ್ನು ಕಬ್ಬಿಣ ಹಿಡಿದುಕೊಳ್ಳುತ್ತದೆ. ಸತುವಿನದು ಇನ್ನೊಂದು ಕಾಟ. ಗ್ಯಾಲಿಯಂ-68 ಕ್ಷಯಿಸಿ ಆಗುವುದೇ ಸತು-68. ಜನರೇಟರನ್ನು ಹಲವು ದಿನ ಮುಟ್ಟದೆ ಬಿಟ್ಟರೆ ಅದು ಕಾಲಂನಲ್ಲಿ ಸೇರುತ್ತ ಹೋಗುತ್ತದೆ. ಅದಕ್ಕೇ ಸೋಮವಾರ ಸಂಜೆ ಒಮ್ಮೆ ಸೇದಿ, ಆ ದ್ರವವನ್ನು ಬಳಸದೆ ಬೇರೆ ಇಡುತ್ತೇವೆ.

ಕಾಯಿಸಿದ ಮೇಲೆ ಸಿ-18 ಕಾರ್ಟ್ರಿಜ್ ಮೂಲಕ ಹಾಯಿಸಿದರೆ ಪೆಪ್ಟೈಡು ಅಲ್ಲಿ ನಿಲ್ಲುತ್ತದೆ, ಕೂಡಿಕೊಳ್ಳದ ಗ್ಯಾಲಿಯಂ ತೊಳೆದುಹೋಗುತ್ತದೆ. ಆಮೇಲೆ ಎಥನಾಲಿನಿಂದ ಪೆಪ್ಟೈಡನ್ನು ಇಳಿಸಿ, ಸಲೈನ್ ಸೇರಿಸಿ, 0.22 ಮೈಕ್ರಾನ್ ಸೋಸುಕದಲ್ಲಿ ಸೋಸುತ್ತೇವೆ. ಕೊನೆಗೆ ಕಾಗದದಂಥ ಪಟ್ಟಿಯ ಮೇಲೆ ಒಂದು ಹನಿ. ಅಮೋನಿಯಂ ಅಸಿಟೇಟ್ ಮತ್ತು ಮೆಥನಾಲ್ ಬೆರೆಸಿದ ದ್ರಾವಣ ಏರಿದಂತೆ ಸರಿಯಾದ ಔಷಧಿ ಅದರ ಜೊತೆ ಮೇಲೆ ಹೋಗುತ್ತದೆ, ಕಲಾಯ್ಡ್ ಹನಿ ಹಾಕಿದಲ್ಲೇ ಉಳಿಯುತ್ತದೆ. ಶುದ್ಧತೆ ಶೇ. 95ಕ್ಕಿಂತ ಕಡಿಮೆ ಬಂದರೆ ಆ ಬ್ಯಾಚನ್ನು ಯಾರಿಗೂ ಕೊಡುವುದಿಲ್ಲ. ‘94 ಬಂದಿದೆಯಲ್ಲ, ನಡೆಯುತ್ತದೆ ಬಿಡಿ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮುಂಜಾನೆಯ ಬ್ಯಾಚ್ ಕೆಟ್ಟರೆ ಮತ್ತೆ ಊರಲು ನಾಲ್ಕು ತಾಸು ಬೇಕು. ಆಗ ಮುಂಜಾನೆಯವರಿಗೆ ಪೂರ್ತಿ ಹಣ ವಾಪಸ್, ಇಲ್ಲವೇ ಮುಂದಿನ ವಾರದ ಮೊದಲ ಜಾಗ, ಅವರಿಗೆ ಯಾವುದು ಅನುಕೂಲವೋ ಅದು. ದೂರದಿಂದ ಬಂದವರ ಮಧ್ಯಾಹ್ನದ ಸರದಿಯನ್ನು ಕಸಿಯುವುದಿಲ್ಲ.

ರೋಗಿಗಳಿಗೆ ಕೆಲವು ಮಾತು. ಇದು ಎಫ್‌ಡಿಜಿ ಪೆಟ್ ಅಲ್ಲ, ಉಪವಾಸ ಬೇಡ. ರೊಟ್ಟಿ, ಉಪ್ಪಿಟ್ಟು ಏನಾದರೂ ತಿಂದೇ ಬನ್ನಿ, ಸಕ್ಕರೆ ಕಾಯಿಲೆಯ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ಕಾಂಟ್ರಾಸ್ಟ್ ಸಿಟಿ ಕೂಡ ಬೇಕೆಂದು ವೈದ್ಯರು ಬರೆದಿದ್ದರೆ ಮಾತ್ರ ನಾಲ್ಕು ತಾಸು ಊಟ ಬಿಟ್ಟು, ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ವರದಿ ತನ್ನಿ. ನೀರು ಚೆನ್ನಾಗಿ ಕುಡಿಯಿರಿ. ಔಷಧಿ ಹೊರಹೋಗುವುದು ಮೂತ್ರದಲ್ಲಿ; ಸ್ಕ್ಯಾನಿಗೆ ಮಲಗುವ ಮುನ್ನ ಮೂತ್ರಕ್ಕೆ ಹೋಗಿ ಬರಬೇಕು. ಯಂತ್ರದ ಮೇಲೆ ಇಪ್ಪತ್ತು ನಿಮಿಷದ ಆಸುಪಾಸು ಅಲುಗಾಡದೆ ಮಲಗಿದರೆ ಆಯಿತು. 4 ಮಿಲಿಕ್ಯೂರಿಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 3 ಮಿಲಿಸೀವರ್ಟ್, ಸಿಟಿಯದು ಬೇರೆ. ಆರು ತಾಸಿನಲ್ಲಿ ಔಷಧಿಯ ವಿಕಿರಣ ಶೇ. 3ಕ್ಕಿಂತ ಕೆಳಗಿಳಿದಿರುತ್ತದೆ, ಬಸ್ಸಿನಲ್ಲಿ ಊರಿಗೆ ಹೋಗಲು ಅಡ್ಡಿಯಿಲ್ಲ. ಅಷ್ಟು ಹೊತ್ತು ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬಸುರಿಯರ ಪಕ್ಕ ಬಹಳ ಹೊತ್ತು ಕೂರಬೇಡಿ. ಹಾಲುಣಿಸುವ ತಾಯಂದಿರು 12 ತಾಸು ಹಾಲು ಹಿಂಡಿ ಚೆಲ್ಲಬೇಕು. ಬಸುರಿಯಾಗಿರುವ ಸಂದೇಹವಿದ್ದರೂ ಮೊದಲೇ ಹೇಳಿ.

ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಚುಚ್ಚುಮದ್ದು ನಡೆಯುತ್ತಿರುವವರದು ಬೇರೆ ಲೆಕ್ಕ, ಯಾಕೆಂದರೆ ಅವೂ ಅದೇ ರಿಸೆಪ್ಟರಿಗೆ ಹೋಗಿ ಕೂರುವ ಔಷಧಿಗಳು. ತಿಂಗಳಿಗೊಮ್ಮೆ ಕೊಡುವಂಥದಾದರೆ ಮುಂದಿನ ಡೋಸಿನ ಹಿಂದಿನ ಒಂದೆರಡು ದಿನಗಳಲ್ಲಿ ಸ್ಕ್ಯಾನ್ ಬರುವಂತೆ ದಿನಾಂಕ ಕೊಡುತ್ತೇವೆ. ಕೊನೆಯ ಡೋಸಿನ ದಿನಾಂಕ ಚೀಟಿಯಲ್ಲಿರಲಿ. ದಿನಕ್ಕೆ ಎರಡು-ಮೂರು ಸಲ ಕೊಡುವ ಸಣ್ಣ ಡೋಸಾದರೆ 24 ತಾಸು ಬಿಡಬೇಕು. ಆದರೆ ವೈದ್ಯರನ್ನು ಕೇಳದೆ ಯಾರೂ ತಾವಾಗಿ ನಿಲ್ಲಿಸಬೇಡಿ. ಮುಖ ಕೆಂಪೇರುವುದು, ಬೇಧಿ ಈ ಔಷಧಿಯಿಂದಲೇ ಹತೋಟಿಯಲ್ಲಿರುವವರಿಗೆ ನಿಲ್ಲಿಸುವುದು ಅಪಾಯ.

ವೈದ್ಯಮಿತ್ರರಲ್ಲಿ ಮುಖ್ಯವಾದ ಬಿನ್ನಹ ಹಳೆಯ ವರದಿಗಳ ಬಗ್ಗೆ. ಹೈನಿಕ್-ಟಾಕ್‌ನಲ್ಲಿ ಎರಡು ಚುಕ್ಕೆ ಕಂಡಿದ್ದ ರೋಗಿಗೆ ಪೆಟ್‌ನಲ್ಲಿ ಏಳು ಕಂಡರೆ ಕಾಯಿಲೆ ಹಬ್ಬಿತೆಂದು ತಿಳಿಯಬೇಡಿ. ಆ ಐದು ಮೊದಲೂ ಇದ್ದಿರಬಹುದು, ಕ್ಯಾಮೆರಾಕ್ಕೆ ಕಂಡಿರಲಿಲ್ಲ ಅಷ್ಟೇ. ಚಿಕಿತ್ಸೆ ಬದಲಿಸುವ ಮುನ್ನ ಎರಡೂ ಸಲದ ಸಿಟಿಯಲ್ಲಿ ಗಡ್ಡೆಯ ಅಳತೆ ಹೋಲಿಸಿ ನೋಡಿ. ಮೊದಲ ಪೆಟ್ ವರದಿಯಲ್ಲಿ ‘ಇದು ಹೊಸ ಆಧಾರ ಸ್ಕ್ಯಾನ್’ ಎಂದು ನಾವೂ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಗಡ್ಡೆ ಎಷ್ಟು ಬೆಳಗುತ್ತದೆ ಎಂಬುದಕ್ಕೆ ಕೊಡುವ ಕ್ರೆನಿಂಗ್ ಅಂಕದ್ದೂ ಇದೇ ಕಥೆ. ಯಕೃತ್ತಿಗಿಂತ ಹೆಚ್ಚು ಬೆಳಗಿದರೆ 3, ಗುಲ್ಮಕ್ಕಿಂತ ಹೆಚ್ಚಾದರೆ 4 ಎಂಬ ಈ ಅಳತೆ ಹುಟ್ಟಿದ್ದು ಇಂಡಿಯಂ ಸ್ಕ್ಯಾನಿನ ಕಾಲದಲ್ಲಿ. ಪೆಟ್‌ನಲ್ಲಿ ಸಣ್ಣ ಗಡ್ಡೆಗಳಿಗೆ ಅದು ಹೆಚ್ಚು ಅಂಕ ಕೊಟ್ಟುಬಿಡುತ್ತದೆ. ಲುಟೇಷಿಯಂ-177 ಚಿಕಿತ್ಸೆಗೆ (ಇದೇ ರಿಸೆಪ್ಟರಿನ ಮೂಲಕ ಗಡ್ಡೆಗೆ ವಿಕಿರಣ ಕೊಡುವ ಚಿಕಿತ್ಸೆ) ಕಳುಹಿಸುವ ಯೋಚನೆಯಿದ್ದರೆ ಅಂಕದ ಜೊತೆ ಗಡ್ಡೆಯ ಗಾತ್ರವನ್ನೂ ನೋಡಬೇಕು. ನಮ್ಮ ವರದಿಯಲ್ಲಿ ಎರಡೂ ಇರುತ್ತವೆ.

ಬೆಳಗಿದ್ದೆಲ್ಲ ಗಡ್ಡೆಯಲ್ಲ. ಗುಲ್ಮ, ಮೂತ್ರಪಿಂಡ, ಅಡ್ರಿನಲ್, ಪಿಟ್ಯುಟರಿ ಸಹಜವಾಗಿಯೇ ಬೆಳಗುತ್ತವೆ. ಮೇದೋಜೀರಕದ ಅನ್ಸಿನೇಟ್ ಭಾಗ ಎಷ್ಟೋ ಜನರಲ್ಲಿ ಗಡ್ಡೆಯಂತೆಯೇ ಕಾಣುತ್ತದೆ. ಮೇದೋಜೀರಕದ ಬಾಲದ ಬಳಿಯ ಸಣ್ಣ ಉಪಗುಲ್ಮವೂ ಮೋಸ ಮಾಡುತ್ತದೆ. ಮಿದುಳಿನ ಪೊರೆಯ ಗಡ್ಡೆಯಾದ ಮೆನಿಂಜಿಯೋಮಾ, ಉರಿಯೂತವಿರುವ ಲಿಂಫ್ ಗಂಟು, ಮಾಗುತ್ತಿರುವ ಮೂಳೆಮುರಿತಗಳೂ ಹಿಡಿಯುತ್ತವೆ. ಹಿಂದಿನ ಶಸ್ತ್ರಚಿಕಿತ್ಸೆ, ಬಿದ್ದು ಪೆಟ್ಟಾದದ್ದು, ಕ್ಷಯದ ಇತಿಹಾಸವನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಿದರೆ ವರದಿ ಎಷ್ಟೋ ಖಚಿತವಾಗುತ್ತದೆ.

ಬೆಳಗದಿದ್ದರೆ ಗಡ್ಡೆ ಇಲ್ಲವೆಂದೂ ಅಲ್ಲ. ಬಯಾಪ್ಸಿಯ ಕಿ-67 ಅಂಕಿಯನ್ನು (ಗಡ್ಡೆಯ ಎಷ್ಟು ಕೋಶಗಳು ಒಡೆದು ಬೆಳೆಯುತ್ತಿವೆ ಎಂಬ ಲೆಕ್ಕ) ದಯವಿಟ್ಟು ಬರೆಯಿರಿ. ಅದು ಶೇ. 20 ಮೀರಿದ ಗಡ್ಡೆಗಳು, ಅದರಲ್ಲೂ ಕೋಶಗಳ ಸ್ವರೂಪ ಪೂರ್ತಿ ಕೆಟ್ಟವು, ರಿಸೆಪ್ಟರುಗಳನ್ನು ಕಳೆದುಕೊಂಡಿರಬಹುದು. ಅಂಥಲ್ಲಿ ಎಫ್‌ಡಿಜಿ ಪೆಟ್ ಮೊದಲು ಆಗಬೇಕು, ಕೆಲವೊಮ್ಮೆ ಎರಡೂ ಬೇಕಾಗುತ್ತವೆ. ಇನ್ಸುಲಿನ್ ಸ್ರವಿಸುವ ಗಡ್ಡೆಗಳಾದ ಇನ್ಸುಲಿನೋಮಾಗಳಲ್ಲಿ ಎರಡನೇ ಬಗೆಯ ರಿಸೆಪ್ಟರ್ ಅನೇಕ ಸಲ ಕಡಿಮೆ. ರಕ್ತದ ಸಕ್ಕರೆ ಪದೇಪದೇ ಕುಸಿಯುವ ರೋಗಿಗೆ ಈ ಸ್ಕ್ಯಾನ್ ಬರೆಯುವ ಮುನ್ನ ನಮಗೊಂದು ಫೋನ್ ಮಾಡಿ. ಜಿಎಲ್‌ಪಿ-1 ರಿಸೆಪ್ಟರಿಗೆ ಅಂಟುವ ಎಕ್ಸೆಂಡಿನ್-4 ಸ್ಕ್ಯಾನ್ ಅವರಿಗೆ ಹೆಚ್ಚು ಉಪಯುಕ್ತ, ಅದು ನಮ್ಮಲ್ಲಿಲ್ಲ. ಸುಮ್ಮನೆ ಇಲ್ಲಿಗೆ ಕರೆಸಿ ಅವರ ಹಣ ಖರ್ಚು ಮಾಡಿಸುವ ಮನಸ್ಸು ನಮಗಿಲ್ಲ.

ಈಗಾಗಲೇ ಹೈನಿಕ್-ಟಾಕ್‌ಗೆ ಹೆಸರು ಬರೆಸಿದವರು ಹೊಸ ಚೀಟಿ ತರಬೇಕಿಲ್ಲ. ಕೌಂಟರಿನಿಂದಲೇ ಫೋನ್ ಮಾಡಿ ಮಂಗಳವಾರದ ವೇಳೆ ತಿಳಿಸುತ್ತೇವೆ. ಬರಲಾಗದಿದ್ದರೆ ಸೋಮವಾರ ಸಂಜೆ 4ರೊಳಗೆ ತಿಳಿಸಿ, ಕಟ್ಟಿದ ಹಣ ಪೂರ್ತಿ ವಾಪಸ್ ಬರುತ್ತದೆ ಮತ್ತು ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಸಿಗುತ್ತದೆ. ಬರುವಾಗ ಬಯಾಪ್ಸಿ ವರದಿ, ಹಳೆಯ ಸ್ಕ್ಯಾನುಗಳ ಸಿ.ಡಿ., ಔಷಧಿಗಳ ಪಟ್ಟಿ ಜೊತೆಗಿರಲಿ. ಬರೀ ಫಿಲ್ಮ್ ತಂದರೆ ಹೋಲಿಕೆ ಮಾಡುವುದು ಕಷ್ಟ. ವರದಿ ಬುಧವಾರ ಸಂಜೆಯೊಳಗೆ ನಿಮ್ಮ ವೈದ್ಯರಿಗೆ ತಲುಪುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ನ್ಯೂಕ್ಲಿಯರ್ ಮೆಡಿಸಿನ್ ಮತ್ತು ಹಾಟ್ ಲ್ಯಾಬ್ ವಿಭಾಗದವರು