ಮಕ್ಕಳಿಗೆ ಈಗಾಗಲೇ ಬರುವ ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಕ್ಯಾಲಿಫೋರ್ನಿಯಾದ ಶಿಕ್ಷಣ ಅಧೀಕ್ಷಕರಿಗೆ ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಶಿಕ್ಷಣ ಅಧೀಕ್ಷಕರಿಗೆ ನಮಸ್ಕಾರಗಳು.

ನಮ್ಮ ರಾಜ್ಯದ ಎರಡು ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಸೇರಬೇಕಾದರೆ ಹೈಸ್ಕೂಲಿನ ಮಕ್ಕಳು ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು ಎರಡು ವರ್ಷವಾದರೂ ಕಲಿತಿರಬೇಕು. ಮೂರು ವರ್ಷವಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಯುಸಿ. ಪ್ರವೇಶಕ್ಕೆ ಬೇಕಾದ ವಿಷಯಗಳ ‘ಎ-ಜಿ’ ಪಟ್ಟಿಯಲ್ಲಿ ಇದು ‘ಇ’. ನಿಯಮ ಚೆನ್ನಾಗಿಯೇ ಇದೆ, ಅದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಅಂಥ ಒಂದು ಭಾಷೆ ಈಗಾಗಲೇ ಬರುವ ಮಕ್ಕಳ ಪಾಡು ಏನು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ವಾರಾಂತ್ಯದ ಕನ್ನಡ ಶಾಲೆಯ ಹುಡುಗಿಯೊಬ್ಬಳು ಒತ್ತಕ್ಷರ ತಪ್ಪದೆ ಪುಟಗಟ್ಟಲೆ ಬರೆಯುತ್ತಾಳೆ, ದಿನಪತ್ರಿಕೆ ಓದಿ ಚರ್ಚೆ ಮಾಡುತ್ತಾಳೆ. ಅವಳ ಹೈಸ್ಕೂಲಿನ ಕೌನ್ಸೆಲರ್ ಕಂಪ್ಯೂಟರಿನಲ್ಲಿದ್ದ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ‘ಇದರಲ್ಲಿ ಕನ್ನಡ ಇಲ್ಲವಲ್ಲ’ ಎಂದು ಅವಳನ್ನು ಸ್ಪ್ಯಾನಿಷ್ ಒಂದನೇ ಹಂತಕ್ಕೆ ಹಾಕಿದರು. ಸ್ಪ್ಯಾನಿಷ್ ಕಲಿಯುವುದರಲ್ಲಿ ನಷ್ಟವೇನಿಲ್ಲ. ಆದರೆ ಅವಳು ತುಂಬ ಆಸೆಪಟ್ಟಿದ್ದ ಕಂಪ್ಯೂಟರ್ ಸೈನ್ಸ್ ತರಗತಿ ಅದೇ ಅವಧಿಯಲ್ಲಿತ್ತು, ಅದು ಕೈಬಿಟ್ಟುಹೋಯಿತು.

ಹೀಗಾಗಬೇಕಾದ ಅಗತ್ಯವೇ ಇರಲಿಲ್ಲ. ವಿದ್ಯಾರ್ಥಿಗೆ ಒಂದು ಭಾಷೆಯಲ್ಲಿ ಎರಡು ವರ್ಷದ ಕಲಿಕೆಗೆ ಸಮನಾದ ಸಾಮರ್ಥ್ಯ ಇದೆ ಎಂದು ಶಾಲೆಯ ಪ್ರಿನ್ಸಿಪಾಲರೇ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ದೃಢೀಕರಿಸಲು ಯುಸಿ ಅವಕಾಶ ಕೊಟ್ಟಿದೆ. ಅದಕ್ಕೆ ಭಾಷಾ ಶಿಕ್ಷಕರ ಅಭಿಪ್ರಾಯ ಪಡೆಯಬಹುದು, ಆ ಭಾಷೆಯನ್ನು ಉಳಿಸಿಕೊಂಡು ಬಂದಿರುವ ಸಾಂಸ್ಕೃತಿಕ ಸಂಸ್ಥೆಗಳ ಸಲಹೆಯನ್ನೂ ಪಡೆಯಬಹುದು. ಇಷ್ಟು ಉದಾರವಾದ ನಿಯಮ ಇದ್ದೂ, ನನ್ನ ಪರಿಚಯದ ಎಷ್ಟೋ ತಂದೆತಾಯಿಗಳಿಗೆ ಅದು ಗೊತ್ತಿಲ್ಲ. ಕೇಳಿದರೆ ಒಂದು ಶಾಲೆ ಹೂಂ ಎನ್ನುತ್ತದೆ, ಪಕ್ಕದ ಶಾಲೆ ಆಗುವುದಿಲ್ಲ ಎಂದುಬಿಡುತ್ತದೆ.

ಪರೀಕ್ಷೆ ಬರೆದು ತೋರಿಸೋಣವೆಂದರೆ, ಹೈಸ್ಕೂಲಿನಲ್ಲಿ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿರುವುದು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೈನೀಸ್, ಜಪಾನೀಸ್, ಲ್ಯಾಟಿನ್ ಮಾತ್ರ. ಕೊರಿಯನ್ ಮತ್ತು ಹೀಬ್ರೂ ಮಕ್ಕಳಿಗೆ ಕಾಲೇಜು ಪ್ರವೇಶಕ್ಕೆ ಬಳಸುತ್ತಿದ್ದ ಎಸ್‌ಎಟಿ ವಿಷಯ ಪರೀಕ್ಷೆಯಾದರೂ ಇತ್ತು, 2021ರಲ್ಲಿ ಅದೂ ನಿಂತಿತು. ನಮಗಂತೂ ಮೊದಲಿನಿಂದಲೂ ಅದಿರಲಿಲ್ಲ. ಎರಡು ಭಾಷೆ ಬಲ್ಲವರಿಗೆ ‘ಸೀಲ್ ಆಫ್ ಬೈಲಿಟರಸಿ’ ಎಂಬ ಮನ್ನಣೆ ಕೊಡಲು ದೇಶದಲ್ಲೇ ಮೊದಲು, 2011ರಲ್ಲಿ, ಕಾನೂನು ತಂದ ರಾಜ್ಯ ನಮ್ಮದು. ಹೆಮ್ಮೆಯ ವಿಷಯವೇ. ಆದರೆ ಆ ಸೀಲ್ ಸಿಗುವುದು ಹೈಸ್ಕೂಲ್ ಮುಗಿಯುವಾಗ, ಕಾಲೇಜಿನ ಅರ್ಜಿ ಹೋಗಿರುವುದು ಅದಕ್ಕೂ ಎಷ್ಟೋ ತಿಂಗಳು ಮೊದಲೇ.

ನೀವು ಈ ಹುದ್ದೆಯಲ್ಲಿರುವುದರಿಂದಲೇ ಯುಸಿಯ ಆಡಳಿತ ಮಂಡಳಿಯಾದ ರೀಜೆಂಟರಲ್ಲೂ ಸಿಎಸ್‌ಯುವಿನ ಆಡಳಿತ ಮಂಡಳಿಯಾದ ಟ್ರಸ್ಟಿಗಳಲ್ಲೂ ಒಬ್ಬರು. ಶಾಲೆ ಮತ್ತು ವಿಶ್ವವಿದ್ಯಾಲಯ ಎರಡೂ ಕಡೆ ನಿಮ್ಮ ಮಾತು ನಡೆಯುತ್ತದೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ದೃಢೀಕರಣಕ್ಕೆ ಎಲ್ಲ ಶಾಲಾ ಡಿಸ್ಟ್ರಿಕ್ಟುಗಳಿಗೂ ಅನ್ವಯಿಸುವ ಒಂದೇ ಕ್ರಮವನ್ನು ಬರಹದಲ್ಲಿ ಹೊರಡಿಸಿ. ಓದು, ಬರಹ, ಮಾತು ಮೂರನ್ನೂ ಪರೀಕ್ಷಿಸಲಿ, ಕಟ್ಟುನಿಟ್ಟಾಗಿಯೇ ಪರೀಕ್ಷಿಸಲಿ, ನಮ್ಮ ಮಕ್ಕಳು ಸಿದ್ಧರಿದ್ದಾರೆ. ಒಂಬತ್ತನೇ ತರಗತಿಗೆ ಕಾಲಿಡುವ ಪ್ರತಿ ಮನೆಗೂ ಈ ದಾರಿಯನ್ನು ತಿಳಿಸುವ ಒಂದು ಪುಟ ಹೋಗಲಿ. ಈ ಪರೀಕ್ಷೆಗೆ ಶುಲ್ಕವಿದ್ದರೆ, ಕಟ್ಟಲಾಗದವರ ಪರವಾಗಿ ಡಿಸ್ಟ್ರಿಕ್ಟೇ ಅದನ್ನು ಭರಿಸಲಿ. ಹ್ಮಾಂಗ್, ಪಂಜಾಬಿ, ಮಿಕ್ಸ್‌ಟೆಕ್ ಮಾತಾಡುವ ಮನೆಗಳ ಮಕ್ಕಳಿಗೂ ಇದು ನಮ್ಮಷ್ಟೇ ಬೇಕು.

ಮುಂದಿನ ವರ್ಷದ ವಿಷಯಗಳನ್ನು ಮಕ್ಕಳು ವಸಂತದಲ್ಲೇ ಆರಿಸಿಕೊಳ್ಳುತ್ತಾರೆ. ಸುತ್ತೋಲೆ ಅದಕ್ಕೆ ಮೊದಲೇ ಶಾಲೆಗಳನ್ನು ತಲುಪಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ಶಾಲೆಯ ಒಬ್ಬ ಪೋಷಕ