ಮಾರಿಷಸ್‌ಗೆ ಗಂಟುಮೂಟೆ ಕಟ್ಟುವ ಮುಂಚೆ

ಸಂಪಾದಕರೇ,

ಮಾರಿಷಸ್‌ನಲ್ಲಿ ಮನೆ ಕೊಳ್ಳಿ, ಅಲ್ಲೇ ಬಿಸಿನೆಸ್ ಮಾಡಿ ಅನ್ನುವ ಜಾಹೀರಾತುಗಳಲ್ಲಿ ಸಮುದ್ರದ ಫೋಟೋ ದೊಡ್ಡದು, ಷರತ್ತುಗಳ ಅಕ್ಷರ ಇರುವೆಯಷ್ಟು.

ಹೊರದೇಶದವರು ಅಲ್ಲಿ ಕಂಡ ಕಂಡ ಜಾಗ ಕೊಳ್ಳುವ ಹಾಗಿಲ್ಲ, 1975ರ ಕಾನೂನು ತಡೆಯುತ್ತದೆ. ಸರ್ಕಾರ ಒಪ್ಪಿದ ಯೋಜನೆಗಳ ಒಳಗೆ ದುಬಾರಿ ಮನೆ ಕೊಂಡರೆ ವಾಸದ ಪರ್ಮಿಟ್ ಸಿಗುತ್ತದೆ ನಿಜ, ಆದರೆ ಮನೆ ಮಾರಿದರೆ ಅದೂ ಹೋಗುತ್ತದೆ. ಇದಕ್ಕೆ ಮನೆಗಿರಬೇಕಿದ್ದ ಕನಿಷ್ಠ ಬೆಲೆ 5 ಲಕ್ಷ ಡಾಲರ್, ಅದನ್ನು 2020ರಲ್ಲಿ 3,75,000ಕ್ಕೆ ಇಳಿಸಿದರು. ಇಳಿಸಿದವರು ಏರಿಸಲೂಬಹುದು ಅಲ್ವಾ? ಹಾಗಾಗಿ ಹಳೆಯ ಬ್ರೋಷರ್ ನಂಬಿ ಮುಂಗಡ ಕೊಡಬೇಡಿ.

ಇನ್ನೊಂದು ತಮಾಷೆ ನೋಡಿ. ಅಲ್ಲಿ ಕಂಪನಿ ಕಾನೂನು ಇಂಗ್ಲಿಷರ ದಾರಿಯದು, ಆಸ್ತಿ ಕಾನೂನು ಮಾತ್ರ ಫ್ರೆಂಚರದ್ದು. ಕ್ರಯಪತ್ರ ಆಗುವುದು ನೋಟರಿ ಮುಂದೆ, ಅವರು ಸುಮ್ನೆ ಸೀಲ್ ಹೊಡೆಯುವವರಲ್ಲ, ಕಾನೂನು ಓದಿದವರು. ಬಿಲ್ಡರ್ ತೋರಿಸಿದವರನ್ನೇ ಒಪ್ಪದೆ ನಿಮ್ಮದೇ ನೋಟರಿ ಹುಡುಕಿಕೊಳ್ಳಿ.

ವ್ಯಾಪಾರದ ಮಾತಂತೂ ಬೇರೆಯೇ. ಇಡೀ ದೇಶದ ಜನ ಸುಮಾರು 12-13 ಲಕ್ಷ, ಗಿರಾಕಿಗಳೆಂದರೆ ಅಷ್ಟೇ ಮತ್ತು ಪ್ರವಾಸಿಗರು. ಬಹುತೇಕ ಸರಕು ಪೋರ್ಟ್ ಲೂಯಿ ಬಂದರಿಗೆ ಹಡಗಿನಲ್ಲಿ ಬರಬೇಕು, ಒಂದು ಬಿಡಿಭಾಗ ತಡವಾದರೂ ಕೆಲಸ ನಿಲ್ಲುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ವಿಮೆಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಬೀದಿಯಲ್ಲಿ ಮಾತ್ರ ಅಲ್ಲಿನವರ ಆಡುಮಾತು ಕ್ರಿಯೋಲ್.

ನನ್ನ ಮಾತು ಇಷ್ಟೇ: ಕೊಳ್ಳುವ ಮೊದಲು ಬಾಡಿಗೆ ಮನೆ ಹಿಡಿದು ಒಂದು ಮಳೆಗಾಲವಾದರೂ ಅಲ್ಲಿದ್ದು ನೋಡಿ.

— ಒಬ್ಬ ಓದುಗ