ತೊಟ್ಟಿಲ ಗಿಳಿಗಳಿಗೆ ಬೆಳ್ಳಿ ಗೆಜ್ಜೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿ ತುಂಬಾ ಖುಷಿಯಾಯಿತು. ತಂಗಿಯ ಕೂಸಿನ ತೊಟ್ಟಿಲಿಗೆ ಅಜ್ಜಿಯ ಇಳಕಲ್ ಸೀರೆಯ ಬಟ್ಟೆಯಲ್ಲಿ ಗಿಳಿ ಗೊಂಬೆ ಹೊಲಿಯಬೇಕು ಅಂತ ನಿನಗೆ ಹೊಳೆದದ್ದೇ ಚೆಂದ. ಆ ಸೀರೆಯ ತೋಪು ತೆನಿ ಸೆರಗಿನ ಕೆಂಪು-ಬಿಳಿ ಸರಿಯಾಗಿ ರೆಕ್ಕೆಯ ಮೇಲೆಯೇ ಬಂದಿದೆ. ನಿಮ್ಮ ಮನೆಯ ಕಲಘಟಗಿ ತೊಟ್ಟಿಲಿನ ಮೇಲೆ ಅವು ತೂಗಿದರೆ ಹೇಗಿರುತ್ತದೆ ಅಂತ ಆಗಲೇ ಕಣ್ಣಿಗೆ ಕಟ್ಟುತ್ತಿದೆ.

ಗೆಜ್ಜೆ ಬೆಳ್ಳಿಯದೇ ಆಗಬೇಕು, ಖರ್ಚು ಮಾತ್ರ ಮಿತಿಯಲ್ಲಿರಬೇಕು ಅಂದಿದ್ದೀಯ. ಆಗುತ್ತದೆ. ಆದರೆ ಕರಕುಶಲ ಸಾಮಾನಿನ ಅಂಗಡಿಗೆ ಹೋಗಬೇಡ. ಅಲ್ಲಿ ಚಿಕ್ಕ ಪೊಟ್ಟಣದಲ್ಲಿ ಎಣಿಸಿ ಮಾರುತ್ತಾರೆ, ನೀನು ಎಷ್ಟು ಗ್ರಾಮಿಗೆ ದುಡ್ಡು ಕೊಟ್ಟೆ ಅನ್ನುವುದೇ ತಿಳಿಯುವುದಿಲ್ಲ. ಬೆಳ್ಳಿಯನ್ನು ತೂಕದ ಮೇಲೆಯೇ ಕೊಳ್ಳಬೇಕು. ಕಾಲ್ಗೆಜ್ಜೆ ರಿಪೇರಿ ಮಾಡುವ ಪತ್ತಾರರ ಹತ್ತಿರ ಬಿಡಿ ಗೆಜ್ಜೆ ಇರುತ್ತವೆ. ಗೆಜ್ಜೆ ಉದುರಿದ ಚೈನು ತಂದವರಿಗೆ ಹಾಕಿಕೊಡಲು ಇಟ್ಟಿರುತ್ತಾರೆ. ಕೇಳಿದರೆ ತೂಗಿ ಕೊಡುತ್ತಾರೆ.

ಲೆಕ್ಕ ಹೀಗೆ ಹಾಕು. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ದಾಟಿದ ಮೇಲೆ ಹಳೇ ಅಂದಾಜು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹೋಗುವ ದಿನದ ದರ ಕೇಳಿಕೊಂಡೇ ಹೋಗು. ಸುಮ್ನೆ ಲೆಕ್ಕಕ್ಕೆ ಕಿಲೋಗೆ 2 ಲಕ್ಷ ಅಂತ ಹಿಡಿ, ಗ್ರಾಮಿಗೆ 200 ರೂಪಾಯಿ ಆಯಿತು. ಸಣ್ಣ ಗೆಜ್ಜೆ ಅರ್ಧ ಗ್ರಾಮ್ ತೂಗಿದರೆ ಒಂದಕ್ಕೆ 100 ರೂಪಾಯಿ. ಇದರ ಮೇಲೆ ಮಜೂರಿ, ಶೇಕಡಾ 3 ಜಿಎಸ್‌ಟಿ. ಒಂದೊಂದು ಗಿಳಿಗೂ ಬಾಲದ ಕುಚ್ಚಿನ ತುಂಬ ಗೆಜ್ಜೆ ಕಟ್ಟಿದರೆ ಹೊರೆಯಾಗುತ್ತದೆ. ಒಂದು ಗಿಳಿಗೆ ಒಂದೇ ಗೆಜ್ಜೆ, ಬಾಲದ ತುದಿಗೆ. ನೋಡಲಿಕ್ಕೂ ಅದೇ ಚೆಂದ ಅಂತ ನನ್ನ ಅನಿಸಿಕೆ.

ನೂರಕ್ಕೆ ಎಷ್ಟು ಬೆಳ್ಳಿ ಅಂತ ಬಾಯಿಬಿಟ್ಟು ಕೇಳು. 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಇಷ್ಟು ಚಿಕ್ಕ ಗೆಜ್ಜೆಯ ಮೇಲೆ ಮುದ್ರೆ ಹುಡುಕುತ್ತಾ ಕೂರಬೇಡ, ರಸೀದಿಯಲ್ಲಿ ಶುದ್ಧತೆ ಮತ್ತು ತೂಕ ಬರೆಸಿಕೋ. ಮ್ಯಾಗ್ನೆಟ್ ಹಿಡಿದು ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದರಿಂದ ಕಬ್ಬಿಣ ಮಾತ್ರ ಸಿಕ್ಕಿಬೀಳುತ್ತದೆ. ಹಿತ್ತಾಳೆಗೆ ಬೆಳ್ಳಿ ಬಣ್ಣ ಹಾಕಿದ್ದರೆ ಅದೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಜರ್ಮನ್ ಸಿಲ್ವರ್ ಮಾತ್ರ ಬೇಡವೇ ಬೇಡ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಬರುತ್ತದೆ. ಕೂಸಿನ ಹತ್ತಿರ ಯಾಕೆ ಬೇಕು ಅದು? ದುಡ್ಡು ಸಾಲದಿದ್ದರೆ ನೇರವಾಗಿ ಹಿತ್ತಾಳೆಯದೇ ತಗೋ. ಉತ್ತರ ಪ್ರದೇಶದ ಜಲೇಸರ್ ಹಿತ್ತಾಳೆ ಗಂಟೆ, ಗೆಜ್ಜೆಗಳಿಗೇ ಹೆಸರಾದ ಊರು. ಅಂಥ ಗೆಜ್ಜೆ ಒಳ್ಳೆಯ ವಸ್ತುವೇ. ಆದರೆ ಅದರ ದನಿ ಜೋರು. ತೂಕಡಿಸುವ ಮಗುವಿಗೆ ಬೆಳ್ಳಿಯ ಮೆತ್ತನೆಯ ದನಿಯೇ ಹಿತ.

ಹಾಗಾಗಿ ಗೆಜ್ಜೆಯನ್ನು ಕಿವಿಯಿಂದ ಆರಿಸು. ಅಂಗಡಿಯ ಗದ್ದಲದಲ್ಲಿ ಎಲ್ಲವೂ ಒಂದೇ ಥರ ಕೇಳುತ್ತವೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಎರಡು ಬಟ್ಟಲು ಕೂಡಿಸಿ, ಒಳಗೆ ಸಣ್ಣ ಗುಂಡು ಬಿಟ್ಟು, ಕೆಳಗೆ ಸೀಳು ಇಟ್ಟಿರುತ್ತಾರೆ. ಸೀಳು ಒತ್ತಿಹೋಗಿದ್ದರೆ ದನಿ ಮಂಕು. ಸೀಳು ಅಗಲವಾಗಿದ್ದರೆ ಗುಂಡು ಹೊರಗೆ ಬಿದ್ದೀತು. ಬೆಸುಗೆ ಹಾಕಿದ ಜಾಗವನ್ನು ಬೆರಳಿನಿಂದ ಸವರಿ ನೋಡು, ಚುಚ್ಚಬಾರದು.

ಇಷ್ಟೆಲ್ಲ ಹೇಳಿದೆ, ಆದರೆ ಮೊದಲು ನೋಡಬೇಕಾದದ್ದು ಅಮ್ಮನ ಟ್ರಂಕು. ಹರಿದ ಕಾಲ್ಗೆಜ್ಜೆ, ಜೋಡಿ ತಪ್ಪಿದ ಚೈನು, ನೀನು ಚಿಕ್ಕವನಿದ್ದಾಗಿನ ಉಡದಾರ, ಏನಾದರೂ ಇದ್ದೇ ಇರುತ್ತದೆ. ಹಳೇ ಬೆಳ್ಳಿ ಮಾರಲು ಹೋದರೆ ಕಲಬೆರಕೆ, ಕರಗಿಸುವಾಗಿನ ನಷ್ಟ ಅಂತ ಕಳೆಯುತ್ತಾರೆ, ಕೊಟ್ಟ ಮಜೂರಿಯಂತೂ ಹೋಯಿತು. ಅದರ ಗೆಜ್ಜೆಯನ್ನೇ ಬಿಡಿಸಿಕೊಂಡರೆ ಒಂದು ರೂಪಾಯಿಯೂ ವ್ಯರ್ಥವಾಗುವುದಿಲ್ಲ. ಗೆಜ್ಜೆ ಸಣ್ಣ ಕೊಂಡಿಯಲ್ಲಿ ನೇತಾಡುತ್ತಿರುತ್ತದೆ, ಚಿಮುಟದಿಂದ ಬಿಚ್ಚಬಹುದು. ಅಮ್ಮನನ್ನು ಕೇಳಿಯೇ ಬಿಚ್ಚು, ಅಷ್ಟೆ. ಸೀರೆ ಅಜ್ಜಿಯದು, ಗೆಜ್ಜೆ ಅಮ್ಮನದು, ಗಿಳಿ ಸೋದರಮಾವ ಹೊಲಿದದ್ದು! ನಿನ್ನ ತಂಗಿ ಇದನ್ನು ಯಾರಿಗೂ ಮುಟ್ಟಲು ಕೊಡುವುದಿಲ್ಲ ನೋಡು.

ಕಪ್ಪಾಗಿದ್ದರೆ ಬಟ್ಟೆಗೆ ಹೊಲಿಯುವ ಮೊದಲೇ ತೊಳೆದುಕೋ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಉದುರಿಸಿ ಬಿಸಿನೀರು ಹಾಕು. ಗಾಳಿಯಲ್ಲಿನ ಗಂಧಕ ಬೆಳ್ಳಿಗೆ ಹತ್ತಿ ಆ ಕಪ್ಪು ಆಗಿರುತ್ತದೆ. ಈ ನೀರಿನಲ್ಲಿ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಉಜ್ಜುವ ಕೆಲಸವೇ ಇಲ್ಲ. ಚೆನ್ನಾಗಿ ತೊಳೆದು ಒಣಗಿಸು. ಕಟ್ಟುವುದಕ್ಕೆ ರಬ್ಬರ್ ಎಲಾಸ್ಟಿಕ್ ಬೇಡ, ಅದರಲ್ಲೂ ಗಂಧಕ ಇರುತ್ತದೆ. ಗಟ್ಟಿ ಹತ್ತಿ ದಾರ ಎರಡೆಳೆ ಮಾಡಿ ಹಾಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡ. ಗೆಜ್ಜೆ ಮಗುವಿನ ಕೈಗೆ ಸಿಗಬಾರದು. ಉದುರಿ ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆ ಅದು. ಒಂದೊಂದನ್ನೂ ಜೋರಾಗಿ ಎಳೆದು ನೋಡಿ, ಆಮೇಲೆ ಎತ್ತರಕ್ಕೆ ಕಟ್ಟು. ಐದು ತಿಂಗಳ ಹೊತ್ತಿಗೆ, ಅಥವಾ ಅದಕ್ಕೂ ಮೊದಲೇ ಮಗು ಕೈಚಾಚಿ ಹಿಡಿಯಲು, ಏಳಲು ನೋಡುತ್ತಿದ್ದರೆ, ಬಿಚ್ಚಿ ಬಾಗಿಲಿಗೆ ತೋರಣ ಮಾಡಿಬಿಡಿ. ತೊಟ್ಟಿಲಿಗೆ ಹಾಸುವ ಕೌದಿಗಂತೂ ಒಂದೂ ಗೆಜ್ಜೆ ಬೇಡ.

ಟ್ರಂಕಿನಲ್ಲಿ ಸಿಕ್ಕಿದ್ದು ಸಾಲದಿದ್ದರೆ ತಿಳಿಸು. ನಾನು ಮುಂದಿನ ತಿಂಗಳು ನಿಪ್ಪಾಣಿ ಕಡೆ ಹೋಗುವವನಿದ್ದೇನೆ. ಅಲ್ಲಿಂದ ಕೊಲ್ಹಾಪುರ ಜಿಲ್ಲೆಯ ಹುಪರಿ ದೂರವಿಲ್ಲ. ಬೆಳ್ಳಿ ಕಾಲ್ಗೆಜ್ಜೆಗೇ ಹೆಸರಾದ ಊರು ಅದು. ಎಷ್ಟು ಬೇಕು, ಕಡಲೆ ಗಾತ್ರದ್ದೋ ಬಟಾಣಿ ಗಾತ್ರದ್ದೋ, ಬರೆದು ಕಳಿಸು. ಬಾಲದ ಕುಚ್ಚಿನ ಫೋಟೊ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆ, ಅಳತೆ ಗೊತ್ತಾಗಲಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ